ನಮ್ಮ ಮಿಷಿಗನ್ ಏಜೆಂಟ್

ವರ್ಷಕ್ಕೊಂದು ಸಲ ಸರ್ಕಾರಕ್ಕೆ ‘ನಾವಿನ್ನೂ ಇದ್ದೇವೆ’ ಎಂದು ಬರೆದುಕೊಡುವ ಕೆಲಸ ನನಗೆ ಬಹಳ ಇಷ್ಟ ಎಂದರೆ ನೀವು ನಗುತ್ತೀರಿ. ನನ್ನ ಮಗಳು ನಸ್ರೀನ್ ಕೂಡ ನಗುತ್ತಾಳೆ. ಅವಳಿಗೆ ಅದು ಕಂಪ್ಯೂಟರಿನ ಮುಂದೆ ಸ್ವಲ್ಪ ಹೊತ್ತಿನ ಕಿರಿಕಿರಿ. ನನಗೆ ಸಣ್ಣದೊಂದು ಹಬ್ಬ. ಗಡ್ಡ ಸರಿಮಾಡಿಕೊಂಡು, ಇಸ್ತ್ರಿ ಮಾಡಿದ ಶರ್ಟು ತೊಟ್ಟು ಅವಳ ಪಕ್ಕದಲ್ಲಿ ಕೂರುತ್ತೇನೆ. “ಅಬ್ಬಾ, ದೇ ಕಾಂಟ್ ಸೀ ಯು” ಎನ್ನುತ್ತಾಳೆ. ನೋಡದಿದ್ದರೇನು, ಸರ್ಕಾರ ಸರ್ಕಾರವೇ.

ಕಂಪನಿ ಎಂದಕೂಡಲೆ ದೊಡ್ಡ ಕಟ್ಟಡ, ಗಾಜಿನ ಕಿಟಕಿ ಅಂದುಕೊಳ್ಳಬೇಡಿ. ನಮ್ಮ ಕಂಪನಿಯಲ್ಲಿ ಇರುವವರೇ ಇಬ್ಬರು, ಇಬ್ಬರಿಗೂ ಮಂಡಿನೋವು. ನಾವು ಸೀಟು ಹೊಲಿಯುವವರು. ಚನ್ನಪಟ್ಟಣದಲ್ಲಿ ಎಸ್ಸೆಸ್ಸೆಲ್ಸಿ ಪಾಸಾದ ಮೇಲೆ ನಾನು ಮುಂದಕ್ಕೆ ಓದಲಿಲ್ಲ. ಬಸ್ ಸ್ಟ್ಯಾಂಡಿನ ಹಿಂದಿದ್ದ ಕುಶನ್ ಅಂಗಡಿಯಲ್ಲಿ ಆಟೋ ಸೀಟಿಗೆ ರೆಕ್ಸಿನ್ ಹೊಲಿಯುವುದನ್ನು ಕಲಿತೆ. ಆ ಕಲಿಕೆಯೇ ಇಲ್ಲಿಯತನಕ ಅನ್ನ ಹಾಕಿದೆ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ, ನಾನಿರುವ ಶಾಮ್‌ಬರ್ಗ್ ಸುತ್ತಮುತ್ತಲ ಹೋಟೆಲುಗಳ ಸೋಫಾ ಬೆಂಚುಗಳು ನನ್ನ ಪಾಲಿನ ಕೆಲಸ. ಪಕ್ಕದ ಮಿಷಿಗನ್ ರಾಜ್ಯದ ಹಳೇ ಕಾರುಗಳ ಸೀಟು ಈರಣ್ಣನವರ ಪಾಲು. ಅವರು ಗದಗಿನ ಕಡೆಯವರು, ಅಲ್ಲಿನ ಪ್ಲಿಮತ್‌ನಲ್ಲಿ ಮನೆ. ಗರಾಜಿನಲ್ಲಿ ಮಷಿನ್ ಇಟ್ಟುಕೊಂಡು ಹೊಲಿಯುತ್ತಾರೆ. ಕಂಪನಿಯಲ್ಲಿ ಇಬ್ಬರದೂ ಅರ್ಧರ್ಧ. ಈ ಮಾತನ್ನು ನೆನಪಿಟ್ಟುಕೊಳ್ಳಿ, ನಾನು ಮರೆತಿದ್ದೆ.

ನಮ್ಮದು ಎಲ್‌ಎಲ್‌ಸಿ. ಹಾಗೆಂದರೆ, ಕಂಪನಿ ಮುಳುಗಿದರೂ ನಮ್ಮ ಮನೆ ಮಠ ಮುಳುಗದ ಹಾಗೆ ನಡುವೆ ಕಟ್ಟಿದ ಗೋಡೆ. ಹೊಣೆಗೆ ಒಂದು ಮಿತಿ. ಈ ಮಿತಿ ಅನ್ನುವುದು ಬಹಳ ಹಿತವಾದ ಮಾತು, ಕೇಳಿದವರಿಗೆ ನಿದ್ದೆ ಬರುತ್ತದೆ. ಆದರೆ ಅದು ಸಾಲಸೋಲಕ್ಕೆ ಮಾತ್ರ. ನಾನು ಅದನ್ನು ನನ್ನ ನಾಲಿಗೆಗೂ ಹಚ್ಚಿಕೊಂಡೆ, ಅದೇ ತಪ್ಪಾಯಿತು.

ಆ ಕಥೆಗೆ ಮೊದಲು ವರದಿಯ ವಿಚಾರ ಮುಗಿಸುತ್ತೇನೆ. ನಮ್ಮ ತಂದೆ ಹೈಸ್ಕೂಲಿನಲ್ಲಿ ಜವಾನರಾಗಿದ್ದರು. ಪೆನ್ಷನ್ ಬರಬೇಕಾದರೆ ಪ್ರತಿ ನವೆಂಬರಿನಲ್ಲಿ ಬ್ಯಾಂಕಿಗೆ ಹೋಗಿ ತಾವು ಬದುಕಿರುವುದಾಗಿ ಸಹಿ ಹಾಕಬೇಕಿತ್ತು. ಬ್ಯಾಂಕಿನ ಗುಮಾಸ್ತರು ನಮ್ಮ ಬೀದಿಯವರೇ. ಹಿಂದಿನ ಸಂಜೆ ಅಪ್ಪನ ಜೊತೆ ಕೂತು ಚಹಾ ಕುಡಿದವರು ಮಾರನೆಯ ದಿನ ತಲೆ ಎತ್ತದೆ ಕೇಳುತ್ತಿದ್ದರು: “ಬದುಕಿದೀರಾ ಸಾಬ್ರೇ?” ಅಪ್ಪ ಕೈಮುಗಿದು “ನಿಮ್ಮ ದಯ” ಎನ್ನುತ್ತಿದ್ದರು. ಕಂಪನಿಯ ವಾರ್ಷಿಕ ವರದಿಯೂ ಅಂಥದೇ ಒಂದು ಹಾಜರಿ. ಎಷ್ಟು ಸಂಪಾದಿಸಿದಿರಿ ಎಂದು ಅದು ಕೇಳುವುದಿಲ್ಲ. ಅದಕ್ಕೆ ಬೇರೆ ಇಲಾಖೆ ಇದೆ. ಇದ್ದೀರಾ, ಎಲ್ಲಿದ್ದೀರಿ, ನಿಮ್ಮನ್ನು ಹುಡುಕಿಕೊಂಡು ಬಂದರೆ ಬಾಗಿಲು ತೆರೆಯುವವರು ಯಾರು, ಇಷ್ಟೇ. ಇಲಿನಾಯ್‌ಗೆ ಕಂಪನಿ ಹುಟ್ಟಿದ ತಿಂಗಳು ಬರುವ ಮೊದಲು ಹೇಳಬೇಕು. ಮಿಷಿಗನ್‌ಗೆ ಫೆಬ್ರವರಿಯ ನಡುವೆ, ಬದುಕಿದ್ದೇವೋ ಇಲ್ಲವೋ ಎಂದು ನಮಗೇ ಅನುಮಾನ ಬರುವಂಥ ಚಳಿಯಲ್ಲಿ.

ಎರಡು ಕಡೆ ಏಕೆಂದರೆ, ಇಲಿನಾಯ್‌ನಲ್ಲಿ ಹುಟ್ಟಿದ ಕಂಪನಿ ಮಿಷಿಗನ್ನಿನ ಪಾಲಿಗೆ ‘ಫಾರಿನ್’ ಕಂಪನಿ. ಕಾನೂನಿನ ಭಾಷೆಯೇ ಅದು. ಚನ್ನಪಟ್ಟಣದಿಂದ ಸಮುದ್ರ ದಾಟಿ ಬಂದ ನನ್ನನ್ನು ಇಲ್ಲಿಯ ಜನ ಮರ್ಯಾದೆಗೆ ಫಾರಿನ್ ಅನ್ನುವುದನ್ನು ಬಿಟ್ಟಿದ್ದಾರೆ. ಪಕ್ಕದ ರಾಜ್ಯಕ್ಕೆ ಹೋದರೆ ನನ್ನ ಹೊಲಿಗೆ ಮಷಿನ್ ಫಾರಿನ್. ಇಂಥ ಫಾರಿನ್ ಕಂಪನಿಗೆ ಆ ರಾಜ್ಯದಲ್ಲಿ ಒಬ್ಬ ‘ಏಜೆಂಟ್’ ಇರಲೇಬೇಕು. ಯಾರಾದರೂ ಕಂಪನಿಯ ಮೇಲೆ ದೂರು ಕೊಟ್ಟರೆ ಆ ಕಾಗದವನ್ನು ಕೈನೀಡಿ ತೆಗೆದುಕೊಳ್ಳುವ ಮನುಷ್ಯ. ಮಿಷಿಗನ್ನಿಗೆ ನಾನು ಈರಣ್ಣನವರ ಹೆಸರು ಬರೆಸಿದ್ದೆ. ಇನ್ನು ಯಾರ ಹೆಸರು ಬರೆಸಲಿ?

ಈಗ ಆ ಮಾತು. ಏಜೆಂಟ್ ಎನ್ನುವುದು ಇಂಗ್ಲಿಷಿನಲ್ಲಿ ಗೌರವದ ಪದವಿರಬಹುದು. ನಮ್ಮ ಕಡೆ ಹಾಗಲ್ಲ. ಆರ್‌ಟಿಓ ಆಫೀಸಿನ ಮುಂದೆ ಛತ್ರಿ ಕಟ್ಟಿ, ಸ್ಟೂಲಿನ ಮೇಲೆ ಅರ್ಜಿ ಹರಡಿಕೊಂಡು ಕೂತವನು ಏಜೆಂಟ್. ಬಸ್ಸಿನ ಬಾಗಿಲಲ್ಲಿ ನಿಂತು ಮೈಸೂರಿಗೆ ಹೋಗುವವನನ್ನೂ ಬೆಂಗಳೂರಿಗೆ ಹತ್ತಿಸುವವನು ಏಜೆಂಟ್. ಇನ್ಷೂರೆನ್ಸ್ ಏಜೆಂಟ್ ಬೀದಿ ತಿರುವಿನಲ್ಲಿ ಕಂಡರಂತೂ ಮನೆಮನೆಯ ಯಜಮಾನರಿಗೂ ಏಕಕಾಲಕ್ಕೆ ಸ್ನಾನದ ನೆನಪಾಗುತ್ತಿತ್ತು.

ಮೂರು ವರ್ಷದ ಹಿಂದೆ ನಸ್ರೀನಳ ಮದುವೆ ಊಟ ಶಾಮ್‌ಬರ್ಗಿನ ಒಂದು ಹಾಲ್‌ನಲ್ಲಿ ನಡೆಯಿತು. ಬೀಗರು ಬೆಂಗಳೂರಿನವರು, ಮಿಷಿಗನ್ನಿನ ಆಬರ್ನ್ ಹಿಲ್ಸ್‌ನಲ್ಲಿ ಕಾರು ಕಂಪನಿಯೊಂದರ ದೊಡ್ಡ ಎಂಜಿನಿಯರು. ಅವರ ಸೂಟಿನ ಹೊಲಿಗೆ ನೋಡಿಯೇ ನನ್ನ ಎದೆ ಸಣ್ಣದಾಗಿತ್ತು. ಅವರ ಪಕ್ಕದ ಕುರ್ಚಿಯಲ್ಲಿ ಈರಣ್ಣ ಕೂತಿದ್ದರು. “ಇವರು ಯಾರು?” ಎಂದು ಬೀಗರು ಕೇಳಿದರು. ‘ನನ್ನ ಪಾರ್ಟ್ನರ್, ಕಂಪನಿಯ ಅರ್ಧ ಒಡೆಯರು’ ಎಂದಿದ್ದರೆ ಏನು ಕಳೆದುಹೋಗುತ್ತಿತ್ತು? ನನ್ನ ಅರ್ಧ ಒಡೆತನ ಹೋಗುತ್ತಿತ್ತು. ಬೀಗರ ಎದುರು ನನಗೆ ಇಡೀ ಕಂಪನಿ ಬೇಕಾಗಿತ್ತು. “ಇವರಾ? ನಮ್ಮ ಮಿಷಿಗನ್ ಏಜೆಂಟ್” ಎಂದುಬಿಟ್ಟೆ. ಕಾನೂನಿನ ಪ್ರಕಾರ ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ಸುಳ್ಳು ಹೇಳಿದ್ದರೆ ಯಾವತ್ತೋ ಕ್ಷಮೆ ಕೇಳುತ್ತಿದ್ದೆ. ನಿಜ ಹೇಳಿ ಮಾಡಿದ ತಪ್ಪಿಗೆ ಮನುಷ್ಯ ಬೇಗ ಬಗ್ಗುವುದಿಲ್ಲ.

ಅದಾದ ಮೇಲೆ ಕೆಲಸ ನಿಲ್ಲಲಿಲ್ಲ, ಮಾತು ನಿಂತಿತು. ಅವರ ಸೀಟುಗಳಿಗೆ ಫೋಮ್ ಕತ್ತರಿಸಿ ಕಳಿಸುವವನು ನಾನು. ಮೊದಲೆಲ್ಲ ಈರಣ್ಣ ಅಳತೆ ಹೇಳಲು ಫೋನ್ ಮಾಡಿದರೆ ಹವಾ, ಹೊಟ್ಟೆ, ಊರಿನ ಸುದ್ದಿ ಎಲ್ಲ ಮುಗಿದು, ಅಳತೆ ಕೇಳುವುದೇ ಮರೆತುಹೋಗುತ್ತಿತ್ತು. ಈಗ ಫೋನಿಗೆ ಬರಿಯ ಅಳತೆ ಬರುತ್ತಿತ್ತು, ಇಂಚುಗಳಲ್ಲಿ. ಚಳಿಗಾಲ, ವಯಸ್ಸು, ಕೆಲಸದ ಒತ್ತಡ ಎಂದು ನನಗೆ ನಾನೇ ಕಾರಣ ಹೇಳಿಕೊಂಡೆ. ನಿಜವಾದ ಕಾರಣ ಗೊತ್ತಿತ್ತು.

ಈ ಸಲ ಜನವರಿಯಲ್ಲಿ ನಸ್ರೀನ್ ಮಿಷಿಗನ್ನಿನ ವರದಿ ತುಂಬಲು ಕೂತಳು. ನಾನು ಎಂದಿನಂತೆ ಇಸ್ತ್ರಿ ಶರ್ಟಿನಲ್ಲಿ. ‘ಬದಲಾವಣೆ ಇದೆಯೇ?’ ಎಂಬ ಪ್ರಶ್ನೆಗೆ ‘ಇಲ್ಲ’ ಎನ್ನುವುದು ನನಗೆ ಪ್ರೀತಿಯ ಘಟ್ಟ. ನಸ್ರೀನ್ ಕೈ ತಡೆದಳು. “ಅಬ್ಬಾ, ದೇರ್ ಈಸ್ ಎ ಚೇಂಜ್. ಈರಣ್ಣ ಅಂಕಲ್ ರಿಸೈನ್ ಮಾಡಿದಾರೆ.”

“ಕಂಪನೀನಾ?”

“ಏಜೆಂಟ್ ಆಗಿರೋದನ್ನ. ಎ ಮಂತ್, ಅಷ್ಟರಲ್ಲಿ ಬೇರೆಯವರನ್ನ ಹಾಕ್ಬೇಕು. ಇಲ್ದಿದ್ರೆ ಗುಡ್ ಸ್ಟ್ಯಾಂಡಿಂಗ್ ಹೋಗತ್ತೆ.”

ಗುಡ್ ಸ್ಟ್ಯಾಂಡಿಂಗ್ ಅಂದರೆ ನಮ್ಮ ಶಾಲೆಯ ಟಿ.ಸಿ.ಯಲ್ಲಿ ಹೆಡ್‌ಮಾಸ್ತರು ‘ನಡತೆ: ತೃಪ್ತಿಕರ’ ಎಂದು ಬರೆಯುತ್ತಿದ್ದರಲ್ಲ, ಅದೇ. ಹಣ ಕೊಟ್ಟರೆ ಏಜೆಂಟರಾಗುವ ಸಂಸ್ಥೆಗಳು ಬೇಕಾದಷ್ಟಿವೆ, ಈಗಲೇ ಒಂದನ್ನು ಹಾಕುತ್ತೇನೆ ಎಂದಳು ಮಗಳು. ಬೇಡ ಎಂದೆ. ಕಂಪನಿಯ ನಡತೆ ಹೋದರೆ ಹೋಗಲಿ, ನಿಜವಾಗಿ ಹೋಗುತ್ತಿದ್ದುದು ಈರಣ್ಣ ಎಂದು ನನಗೆ ಗೊತ್ತಾಗಿತ್ತು. ಇವತ್ತು ಏಜೆಂಟ್ ಕೆಲಸ ಬಿಟ್ಟವರು ನಾಳೆ ಪಾಲನ್ನೂ ಬಿಡುತ್ತಾರೆ. ಆಮೇಲೆ ಆ ಇಂಚುಗಳೂ ಬರುವುದಿಲ್ಲ.

ಶನಿವಾರ ಬೆಳಿಗ್ಗೆ ಕಾರು ತೆಗೆದೆ. ಈ ವಯಸ್ಸಿಗೆ ಇಂಡಿಯಾನಾ ದಾಟಿ ಮಿಷಿಗನ್ನಿನ ತನಕ ಹಿಮದಲ್ಲಿ ಒಬ್ಬನೇ ಡ್ರೈವ್ ಮಾಡಬಾರದು ಎಂದು ಮನೆಯವರೆಲ್ಲ ಹೇಳಿದರು. ದಾರಿಯುದ್ದಕ್ಕೂ ಕ್ಷಮೆಯ ಮಾತನ್ನು ಅಭ್ಯಾಸ ಮಾಡಿದೆ. ಪ್ಲಿಮತ್ ಎಕ್ಸಿಟ್ ಬರುವ ಹೊತ್ತಿಗೆ ಅದು ಮುನಿಸಿಪಾಲಿಟಿ ಅಧ್ಯಕ್ಷರ ಭಾಷಣದಂತಾಗಿತ್ತು.

ಗರಾಜಿನ ಬಾಗಿಲು ಅರ್ಧ ಎತ್ತಿತ್ತು. ಈರಣ್ಣ ಮಷಿನ್ನಿನಿಂದ ತಲೆ ಎತ್ತಿ ನನ್ನನ್ನು ನೋಡಿದರು. ಒಳಗಿನ ಬಾಗಿಲಿನ ಕಡೆ ತಿರುಗಿ ಹೆಂಡತಿಯನ್ನು ಕೂಗಿದರು: “ಶಾಂತಾ, ಕುರ್ಚಿ ತಗೊಂಡ್ ಬಾ. ಏಜೆಂಟನ ಮನಿಗೆ ಓನರ್ ಸಾಹೇಬ್ರು ಬಂದಾರ.”

ಭಾಷಣ ಮರೆತೇಹೋಯಿತು. “ಈರಣ್ಣ, ಯಾಕೆ ರಿಸೈನ್ ಮಾಡಿದ್ರಿ?” ಎಂದೆ.

“ಏಜೆಂಟ್ ಅಂದ್ರ ಯಾರ್ರೀ? ಅವಂಗ ಕಮಿಷನ್ ಇರತೈತಿ, ಪಾಲು ಇರಂಗಿಲ್ಲ.”

“ಕಾಗದದಲ್ಲಿ ಹಾಗೇ ಇತ್ತಲ್ಲ, ಅದನ್ನೇ ಹೇಳ್ದೆ.”

“ಅದ ಕಾಗದದಾಗ ಪಾರ್ಟ್ನರ್ ಅಂತನೂ ಐತಿ. ಎರಡರಾಗ ನಿಮಗ ಒಂದ ನೆನಪಾತೇನು? ನೀವು ಹಂಗಂದ ಕೂಡ್ಲೆ ನಿಮ್ಮ ಬೀಗರು ತಾಟು ತಗೊಂಡು ಬ್ಯಾರೆ ಟೇಬಲ್ಲಿಗೆ ಎದ್ದುಹೋದ್ರು. ನಾ ಒಬ್ಬಾಂವ ಕುಂತು ಉಂಡೆ.”

ಇದು ನನಗೆ ಗೊತ್ತಿರಲಿಲ್ಲ. ನಾನು ಆ ಮಾತು ಬಿಸಾಕಿ ಮುಂದಿನ ಮೇಜಿಗೆ ಹೋಗಿದ್ದೆ.

ಶಾಂತಕ್ಕ ಕುರ್ಚಿಯ ಜೊತೆಗೆ ಒಂದು ತಟ್ಟೆ ಗಿರ್ಮಿಟ್ ತಂದಿದ್ದರು. ತಟ್ಟೆ ಕೈಯಲ್ಲೇ ಹಿಡಿದುಕೊಂಡು ಕೇಳಿದರು: “ಅಣ್ಣಾರ, ನಿಮ್ಮ ಇಲಿನಾಯ್ದಾಗ ಏಜೆಂಟ್ ಯಾರದಾರ?”

“ನಾನೇ, ಶಾಂತಕ್ಕ.”

“ಮತ್ತ ಅದನ್ನ ಬೀಗರಿಗೆ ಹೇಳಿದ್ರೇನು?”

ಇಲ್ಲ ಎಂದು ತಲೆ ಅಲ್ಲಾಡಿಸಿದೆ. ತಪ್ಪಾಯಿತು ಎಂದೆ. ಅಷ್ಟು ದೂರದಿಂದ ಹೊತ್ತು ತಂದ ಭಾಷಣ ಆ ಒಂದು ಮಾತಿಗೆ ಇಳಿದಿತ್ತು. ಮೂರು ವರ್ಷ ಸುಮ್ಮನಿದ್ದದ್ದೂ ತಪ್ಪು ಎಂದೆ. ಆಮೇಲೆ ಮನುಷ್ಯನ ಸ್ವಭಾವ ನೋಡಿ, ಬಾಯಿ ಸುಮ್ಮನಿರಲಿಲ್ಲ: “ನೀವೂ ಒಂದು ಸಲ ಬೈದುಬಿಡಬಹುದಿತ್ತಲ್ಲ, ಈರಣ್ಣ.”

“ಯಾರ ಮುಂದ ಬೈಲಿ? ನಿಮ್ಮ ಮ್ಯಾಲಿನ ದೂರು ನಿಮಗ ಹೇಳಾಕ ಬಂದ್ರ ‘ಮೊದಲು ಚಾ ಕುಡೀರಿ’ ಅಂತೀರಿ. ಚಾ ಮುಗ್ಯೂದ್ರಾಗ ಮಾತು ಬ್ಯಾರೆ ಕಡೆ ಒಯ್ದುಬಿಡ್ತೀರಿ. ಮದ್ವಿ ಮುಗದ ಮ್ಯಾಲ ಎರಡು ಸಲ ಬಂದಿದ್ದೆ. ಎರಡು ಸಲಾನೂ ಚಾ ಕುಡದು ಬಂದೆ. ಅದಕ್ಕ ಈ ಸಲ ಸರ್ಕಾರಕ್ಕ ಹೇಳಿದೆ.”

ನಿಮ್ಮ ಮೇಲಿನ ಸಿಟ್ಟನ್ನು ಗೆಳೆಯನೊಬ್ಬ ಮಿಷಿಗನ್ ರಾಜ್ಯದ ಮೂಲಕ ಕಳಿಸಬೇಕಾಗಿ ಬಂದರೆ ನೀವು ಎಂಥ ಆತಿಥ್ಯದ ಮನುಷ್ಯ ಎಂದು ಲೆಕ್ಕ ಹಾಕಿ.

ಅಲ್ಲೇ ಫೋನ್ ತೆಗೆದು ಬೀಗರಿಗೆ ಹಚ್ಚಿದೆ, ಸ್ಪೀಕರಿನಲ್ಲಿ. ಸಲಾಮು ಆಯಿತು, ಹವಾ ಆಯಿತು. ಕೊನೆಗೆ ಹೇಳಿದೆ, “ಸಾಹೇಬರೆ, ನಿಮಗೊಂದು ವಿಷಯ ತಪ್ಪು ಹೇಳಿದ್ದೆ. ಮದುವೆ ದಿನ ಏಜೆಂಟ್ ಅಂತ ಪರಿಚಯ ಮಾಡಿಸಿದ್ನಲ್ಲ, ಈರಣ್ಣ, ಅವರು ಏಜೆಂಟ್ ಅಲ್ಲ. ನನ್ನ ಪಾರ್ಟ್ನರ್. ಕಂಪನಿಯಲ್ಲಿ ಅರ್ಧ ಅವರದು.”

ಬೀಗರು ಆ ಕಡೆಯಿಂದ ಕೂಗಿದರು: “ಅಯ್ಯೋ, ಅವರಾ? ನಾನು ಇನ್ಷೂರೆನ್ಸ್ ಏಜೆಂಟ್ ಅಂದ್ಕೊಂಡ್ಬಿಟ್ಟಿದ್ದೆ ಖಾದರ್ ಭಾಯ್! ಬಿರಿಯಾನಿ ಬಿಸಿಯಾಗಿತ್ತು, ಇವರು ಪಾಲಿಸಿ ಶುರು ಮಾಡಿದ್ರೆ ಆರಿಹೋಗತ್ತೆ ಅಂತ ಓಡಿಹೋದೆ.”

ಈರಣ್ಣ ಕತ್ತರಿ ಕೆಳಗಿಟ್ಟು ನಕ್ಕರು. ಮೊದಲು ಮೂಗಿನಲ್ಲಿ, ಆಮೇಲೆ ಕೆಮ್ಮು ಬರುವಷ್ಟು. ಶಾಂತಕ್ಕ ತಟ್ಟೆಯನ್ನು ನನ್ನ ಕೈಗೆ ಕೊಟ್ಟರು.

ಎಲ್ಲ ಸರಿಹೋಯಿತು, ರಾಜೀನಾಮೆ ವಾಪಸ್ ಪಡೆದರು ಎಂದು ನೀವು ಅಂದುಕೊಂಡಿರಬಹುದು. ನಾನೂ ಹಾಗೇ ಅಂದುಕೊಂಡು ಬಾಯಿ ತೆರೆದೆ. ಈರಣ್ಣ ಕೈ ಅಡ್ಡ ಹಿಡಿದರು. “ಅದು ಒಲ್ಲೆ. ರೊಕ್ಕಾ ಕೊಟ್ಟು ಯಾರನ್ನರ ಇಟ್ಕೋರಿ. ಏಜೆಂಟ್ ಆಗಿ ನಾ ಬ್ಯಾಡ. ಪಾರ್ಟ್ನರ್ ಅದೀನಿ, ಅಲ್ಲಿ ಹೆಸರು ತಗೀಬ್ಯಾಡ್ರಿ.” ಕ್ಷಮಿಸಿದವರು ಮೊದಲಿನ ಜಾಗಕ್ಕೇ ಬಂದು ಕೂರಬೇಕೆಂದು ನಾವು ಬಯಸುತ್ತೇವೆ. ಅವರು ತಮಗೆ ಬೇಕಾದ ಕುರ್ಚಿಯಲ್ಲಿ ಕೂರುತ್ತಾರೆ. ಇದನ್ನು ಸೀಟು ಹೊಲಿಯುವ ನನಗೆ ಇನ್ನೊಬ್ಬರು ಹೇಳಬೇಕಾಗಿ ಬಂತು.

ನಾನು ಶಾಮ್‌ಬರ್ಗಿಗೆ ಮರಳಿದ ಮೇಲೆ ನಸ್ರೀನ್ ಒಂದು ಸಂಸ್ಥೆಯನ್ನು ಏಜೆಂಟ್ ಮಾಡಿ ವರದಿ ಕಳಿಸಿದಳು. ಏಜೆಂಟರ ವಿಳಾಸಕ್ಕೆ ಪೋಸ್ಟ್ ಬಾಕ್ಸ್ ನಡೆಯುವುದಿಲ್ಲವಂತೆ. ಬೀದಿ, ಮನೆ ನಂಬರು ಇರಬೇಕು; ಹಗಲು ಹೊತ್ತು ಅಲ್ಲೊಂದು ಜೀವ ಇರಬೇಕು. ಯಾಕೆಂದರೆ ದೂರು ತಂದವನಿಗೆ ಬಾಗಿಲು ಮುಚ್ಚಿರಬಾರದು. ಎಷ್ಟು ವರ್ಷ ಆ ಖಾನೆಯನ್ನು ತುಂಬಿಸಿದ್ದೇನೆ, ಅದರ ಅರ್ಥ ನನಗೆ ಈಗ ಹೊಳೆಯಿತು. ಕಂಪನಿಗೆ ಎರಡೆರಡು ರಾಜ್ಯದಲ್ಲಿ ದೂರು ಸ್ವೀಕರಿಸುವ ವಿಳಾಸ ಇಟ್ಟಿದ್ದ ನಾನು, ನನಗಾಗಿ ಒಂದನ್ನೂ ಇಟ್ಟುಕೊಂಡಿರಲಿಲ್ಲ. ನನ್ನದು ಬರೀ ಚಹಾದ ಅಂಗಡಿ.

ಈಗ ಭಾನುವಾರ ಭಾನುವಾರ ಈರಣ್ಣ ಫೋನ್ ಮಾಡುತ್ತಾರೆ. ಮೊದಲು ದೂರು, ಆಮೇಲೆ ಊರಿನ ಸುದ್ದಿ, ನೆನಪಾದರೆ ಅಳತೆ. ಹೋದ ವಾರದ ದೂರು: ನಾನು ಕಳಿಸಿದ ಫೋಮ್ ತೀರಾ ಮೆತ್ತಗಂತೆ, ಗಿರಾಕಿ ಸೀಟಿನಲ್ಲಿ ಕೂತರೆ ಸ್ಟೀರಿಂಗಿನ ಮೇಲೆ ಬರೀ ಟೋಪಿ ಕಾಣುತ್ತದಂತೆ. ವಾದಿಸಲು ನಾಲಿಗೆ ತುದಿಗೆ ಮಾತು ಬಂದಿತ್ತು. ತಡೆದುಕೊಂಡು ಹೇಳಿದೆ: ಸ್ವೀಕರಿಸಿದ್ದೇನೆ.