ಕೊಕ್ಕೆ ಸಾಹೇಬರ ಮೂವತ್ತು ದಿನ

ಹಾಜರಿ ಪುಸ್ತಕದಲ್ಲಿ ಅವರಿಗೂ ಒಂದು ಹೆಸರಿತ್ತು. ಆದರೆ ಪರವಾನಗಿ ಕಚೇರಿಯಲ್ಲಿ ಎಲ್ಲರ ಬಾಯಲ್ಲೂ ಅವರು ಕೊಕ್ಕೆ ಸಾಹೇಬರು. ಯಾವ ಕಡತ ಬಂದರೂ ಅದಕ್ಕೊಂದು ಕೊಕ್ಕೆ ಹಾಕದೆ ಮುಂದೆ ಬಿಟ್ಟವರಲ್ಲ. ಹೈಡ್ರೋಜನ್ ಬಂಕುಗಳ ಸುರಕ್ಷತಾ ತಪಾಸಣೆ ಅವರ ಪಾಲಿಗೆ ಬಂದ ಮೇಲಂತೂ ಕೇಳುವುದೇ ಬೇಡ. ಆ ಅನಿಲ ಹೊತ್ತಿಕೊಂಡರೆ ಹಗಲಿನಲ್ಲಿ ಉರಿ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೇ ಸಾಹೇಬರು ಉದ್ದ ಹಿಡಿಯ ಪೊರಕೆಯನ್ನು ಮುಂದೆ ಚಾಚಿಕೊಂಡು ಪೈಪುಗಳ ನಡುವೆ ನಡೆಯುತ್ತಿದ್ದರು. ಪೊರಕೆ ಹೊತ್ತಿದರೆ ಅಲ್ಲಿ ಉರಿಯಿದೆ ಎಂದರ್ಥ. "ಸಾಹೇಬ್ರು ಕಸ ಗುಡಿಸೋಕೆ ಬಂದ್ರು" ಎಂದು ಕೆಲಸಗಾರರು ಕಿಸಕ್ಕನೆ ನಗುತ್ತಿದ್ದರು. ನಗಲಿ ಬಿಡಿ. ಹನ್ನೆರಡು ವರ್ಷಗಳಲ್ಲಿ ಅವರು ಸಹಿ ಹಾಕಿದ ಜಾಗದಲ್ಲಿ ಯಾರ ಕೂದಲೂ ಕೊಂಕಿರಲಿಲ್ಲ.

ಅವರ ಒಬ್ಬನೇ ತಮ್ಮ ಮೂರು ಕಡೆ ಕೆಲಸ ಕಳೆದುಕೊಂಡು, ಬಸ್ ಡಿಪೋದ ಹೊಸ ಹೈಡ್ರೋಜನ್ ಬಂಕಿಗೆ ಮೇಲ್ವಿಚಾರಕನಾಗಿ ಸೇರಿದ್ದ. ಆ ಕಡತವನ್ನು ಸಾಹೇಬರು ಬೇರೆಯವರಿಗೆ ದಾಟಿಸಬೇಕಿತ್ತು. ದಾಟಿಸಲಿಲ್ಲ. ತನ್ನಷ್ಟು ಕಟ್ಟುನಿಟ್ಟಾಗಿ ಇನ್ನಾರು ನೋಡುತ್ತಾರೆ ಎಂಬ ಜಂಬ ಅವರಿಗೆ.

ಅನಿಲವನ್ನು ಒತ್ತಿ ತುಂಬುವ ಯಂತ್ರದ ಕೋಣೆಗೆ ಕಾಲಿಟ್ಟವರೇ ಹಣೆ ಚಚ್ಚಿಕೊಂಡರು. ಸೋರಿಕೆ ಹಿಡಿಯುವ ಸೆನ್ಸರ್ ನೆಲದಿಂದ ಒಂದು ಗೇಣು ಮೇಲಿತ್ತು. ಅದನ್ನು ಕೂರಿಸಿದ ಫಿಟ್ಟರ್ ಇಪ್ಪತ್ತು ವರ್ಷ ಹೋಟೆಲುಗಳಲ್ಲಿ ಅಡುಗೆ ಗ್ಯಾಸಿನ ಕೆಲಸ ಮಾಡಿದವನು; ಅಲ್ಲಿ ಎಲ್ಲಿ ಹಾಕುತ್ತಿದ್ದನೋ ಇಲ್ಲೂ ಅಲ್ಲೇ ಹಾಕಿದ್ದ.

"ಅಡುಗೆ ಗ್ಯಾಸ್ ನೆಲ ಹಿಡಿಯುತ್ತೆ, ಇದು ಸೂರು ಹಿಡಿಯುತ್ತೆ ಕಣಯ್ಯ! ಮೇಲಕ್ಕೆ ಹಾಕೋವರೆಗೂ ಪರವಾನಗಿ ಇಲ್ಲ" ಎಂದು ಸಾಹೇಬರು ಗದರಿದರು.

ತಮ್ಮ ಅವರನ್ನು ಹೊರಗೆ ಕರೆದೊಯ್ದ. "ಅಣ್ಣಾ, ಅದಕ್ಕೆ ಬೇರೆ ಕೇಬಲ್ ಬೇಕು, ಬರೋಕೆ ಮೂರು ವಾರ ಆಗುತ್ತೆ. ಸೋಮವಾರ ಉದ್ಘಾಟನೆ. ಅದು ನಿಂತ್ರೆ ನನ್ನನ್ನ ಮನೆಗೆ ಕಳಿಸ್ತಾರೆ. ನಾಲ್ಕನೇ ಸಲ ಹೆಂಡ್ತಿಗೆ ಯಾವ ಮುಖ ತೋರಿಸ್ಲಿ?"

ಸಾಹೇಬರು ಕಡತ ಬಿಚ್ಚಿದರು. ಸಣ್ಣಪುಟ್ಟ ಲೋಪಗಳಿದ್ದರೆ ಷರತ್ತಿನ ಮೇಲೆ ಅನುಮತಿ ಕೊಡಲು ನಿಯಮದಲ್ಲಿ ಅವಕಾಶವಿದೆ. ಇದು ಸಣ್ಣ ಲೋಪವಲ್ಲ ಎಂಬುದು ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಆದರೂ ಪೆನ್ನು ತೆಗೆದು ಬರೆದರು: "ಷರತ್ತಿಗೆ ಒಳಪಟ್ಟು ಅನುಮತಿಸಲಾಗಿದೆ. ಸೆನ್ಸರನ್ನು ಮೂವತ್ತು ದಿನಗಳೊಳಗೆ ಚಾವಣಿಗೆ ಸ್ಥಳಾಂತರಿಸತಕ್ಕದ್ದು." ತಮ್ಮ ಅವರ ಕೈ ಹಿಡಿದುಕೊಂಡ.

ಹತ್ತೊಂಬತ್ತನೆಯ ದಿನ ಮಧ್ಯಾಹ್ನ ಪೈಪಿನ ಒಂದು ಜಾಯಿಂಟು ಸಡಿಲವಾಗಿ, ಅನಿಲ ಸೂರಿನಡಿ ತುಂಬಿಕೊಂಡಿತು. ಸೆನ್ಸರಿನ ಅಳತೆ ತೋರಿಸುವ, ಬಾಗಿಲ ಹೊರಗಿನ ಫಲಕದಲ್ಲಿ ಸೊನ್ನೆಯಿತ್ತು. ಅದು ಸುಳ್ಳು ಹೇಳಲಿಲ್ಲ, ನೆಲದ ಬಳಿ ಸೊನ್ನೆಯೇ ಇತ್ತು. ತಮ್ಮ ಸೊನ್ನೆ ನೋಡಿದ, ಧೈರ್ಯವಾಗಿ ಒಳಗೆ ಹೋದ, ಯಂತ್ರ ಚಾಲೂ ಮಾಡಿದ. ಸೂರು ಹಾರಿಹೋಯಿತು. ಅವನ ಜೀವವೂ ಹೋಯಿತು.

ವಿಚಾರಣೆಗೆ ಕೂತವರು ಕಡತ ತಿರುವಿದರು. ಷರತ್ತು ಸ್ಪಷ್ಟವಾಗಿತ್ತು, ಗಡುವು ಮುಗಿದಿರಲಿಲ್ಲ. ಅಧಿಕಾರಿಯದು ತಪ್ಪಿಲ್ಲ ಎಂದರು.

"ಅದು ಸಣ್ಣ ಲೋಪ ಆಗಿರ್ಲಿಲ್ಲ ಸರ್. ನಂಗೆ ಗೊತ್ತಿತ್ತು" ಎಂದರು ಸಾಹೇಬರು.

ಅಧ್ಯಕ್ಷರು ಗುಮಾಸ್ತನ ಕಡೆ ತಿರುಗಿದರು. "ಅದನ್ನ ಬರ್ಕೋಬೇಡಿ. ಪಾಪ, ದುಃಖದಲ್ಲಿದ್ದಾರೆ."

ಶಿಕ್ಷೆಯಾದರೂ ಆಗಿದ್ದರೆ ಆ ಮನುಷ್ಯನ ಎದೆ ಒಂದಿಷ್ಟು ಹಗುರಾಗುತ್ತಿತ್ತು. ಅದೂ ಸಿಗಲಿಲ್ಲ. ಅಲ್ಲಿಂದ ನೇರ ತಮ್ಮನ ಮನೆಗೆ ಹೋದರು. ತಮ್ಮನ ಹೆಂಡತಿ ಬಾಗಿಲು ತೆರೆದಳು, ಒಳಗೆ ಬನ್ನಿ ಎನ್ನಲಿಲ್ಲ.

"ನಿಮ್ದೇನೂ ತಪ್ಪಿಲ್ವಂತಲ್ಲ, ಭಾವ."

"ಹಾಗೆ ಬರೆದಿದ್ದಾರಮ್ಮ."

"ಯಾರು ಬಂದು ಕಾಲಿಗೆ ಬಿದ್ರೂ ಬಗ್ತಿರ್ಲಿಲ್ಲ ನೀವು. ಇವ್ರು ಕೇಳಿದಾಗ ಯಾಕೆ ಒಪ್ಕೊಂಡ್ರಿ?"

"ಒಡಹುಟ್ಟಿದವನು ಕೇಳಿದ್ನಲ್ಲಮ್ಮಾ..."

ಆಕೆ ಅವರ ಮುಖವನ್ನೇ ನೋಡಿದಳು. "ಕಂಡವರ ತಮ್ಮಂದಿರನ್ನೆಲ್ಲ ಉಳಿಸಿದ್ರಿ, ಭಾವ" ಎಂದು ಬಾಗಿಲು ಹಾಕಿಕೊಂಡಳು.