ರೇಡಿಯೋದಲ್ಲಿ ನಾನು ತೊದಲಿದ್ದು

"ರೇಡಿಯೋದಾಗೆ ತೊದಲೋನ ಪಾರ್ಟು ಮಾಡೋರು ನೀವೇ ಅಲ್ಲೇನ್ರಿ?" ಜಗಳೂರು ಬಸ್ ನಿಲ್ದಾಣದಲ್ಲಿ ಹೆಂಗಸೊಬ್ಬರು ದನಿಯಿಂದಲೇ ಗುರುತಿಸಿ ನನ್ನನ್ನು ತಡೆದು ಕೇಳಿದರು. ಎಂಬತ್ತರ ದಶಕದ ಮೊದಲ ವರ್ಷಗಳವು. ಮೇಷ್ಟ್ರಾಗಿದ್ದ ನಾನು ಬಿಡುವಿನಲ್ಲಿ ರೇಡಿಯೋ ಹಾಸ್ಯ ನಾಟಕಗಳಲ್ಲಿ ಪಾತ್ರ ಮಾಡುತ್ತಿದ್ದೆ. ಹೆಮ್ಮೆಯಿಂದಲೇ ಹೌದೆಂದೆ.

"ನನ್ನ ಮಗಳೂ ತೊದಲ್ತಾಳ್ರೀ. ಶಾಲೆಯಾಗೆ ಹುಡುಗ್ರು ನಿಮ್ಮಂಗೇ ಅಂದು ಆಡಿಕೊಳ್ತಾರೆ. ಈಗ ಆಕೆ ಬಾಯೇ ಬಿಡಂಗಿಲ್ಲ."

"ತಮಾಷೆಗೆ ಮಾಡಿದ್ದು ತಾಯಿ. ಅಷ್ಟು ಮಾತಾಡುವ ಸ್ವಾತಂತ್ರ್ಯವೂ ಬೇಡವೇ?" ಎಂದುಬಿಟ್ಟೆ.

"ನಿಮಗೆ ಐತ್ರಿ. ಆಕೆಗೆ ಎಲ್ಲೈತೆ?" ಎಂದು ಕೇಳಿ ಅವರು ಬಸ್ ಹತ್ತಿದರು.

ಮರುವಾರ ವಿಚಾರಿಸಿಕೊಂಡು ಹತ್ತಿರದ ಸೊಕ್ಕೆ ಗ್ರಾಮದ ಅವರ ಮನೆಗೆ ಹೋಗಿ ಹುಡುಗಿಯ ಕ್ಷಮೆ ಕೇಳಿದೆ. ಆಕೆ ಸುಮ್ಮನೆ ತಲೆಯಾಡಿಸಿದಳು.

ಅಂಥ ಪಾತ್ರವನ್ನು ಮತ್ತೆ ಮಾಡಲಿಲ್ಲ. ಆದರೆ ಆ ಹುಡುಗಿಯ ದನಿ ಹೇಗಿತ್ತೆಂದು ನನಗೆ ಇವತ್ತಿಗೂ ಗೊತ್ತಿಲ್ಲ.