ಶಾಕಿನ ಮೇಲಿನ ಕಪ್ಪು ರಿಂಗು

ಅಂದು ರಜೆ. ಗಂಡ ಹಜಾರದಲ್ಲಿ ಹಳೇ ಪೇಪರು ಹಾಸಿಕೊಂಡು ಸೈಕಲ್ಲಿನ ಸೇವೆಗೆ ಕೂತಿದ್ದ. ವಾರವೆಲ್ಲ ಬಸ್ಸು ಓಡಿಸುವವನಿಗೆ ರಜೆ ಬಂದರೆ ಊರಾಚೆಯ ಗುಡ್ಡ ಹತ್ತಿ ಇಳಿಯುವ ಹುಚ್ಚು. ಕುಲುಕಾಟ ತಡೆಯಲು ಮುಂದೊಂದು ಹಿಂದೊಂದು ಶಾಕ್ ಇದ್ದ ಆ ಸೈಕಲ್ಲನ್ನು ಯಾರೋ ಓಡಿಸಿ ಬಿಟ್ಟ ಮೇಲೆ ಕೊಂಡು ತಂದಿದ್ದ. ಮೊಬೈಲನ್ನು ಸ್ಟೂಲಿಗೆ ಆನಿಸಿಟ್ಟು ಅದರ ರಿಪೇರಿಯನ್ನು ಮನೆಯಲ್ಲೇ ಒಂದೊಂದಾಗಿ ಕಲಿಯುತ್ತಿದ್ದ.

ಹೆಂಡತಿ ಕಿಟಕಿಯ ಪಕ್ಕ ಹೊಲಿಗೆ ಮಷೀನಿನ ಮುಂದಿದ್ದಳು.

"ಬಾರೇ ಇಲ್ಲಿ. ನಾನು ಸೀಟ್ ಮೇಲೆ ಕೂತಾಗ ಹಿಡ್ಕೋ. ಹಿಂದಿನ ಶಾಕ್ ಮೇಲೆ ಈ ರಬ್ಬರ್ ರಿಂಗ್ ಇದ್ಯಲ್ಲ, ಎಲ್ಲಿ ತನಕ ಜಾರುತ್ತೆ ನೋಡು."

"ಕೈಯಲ್ಲಿ ಗಿರಾಕಿ ಬಿಳಿ ಅಂಗಿ ಇದೆ. ಗ್ರೀಸ್ ಮೆತ್ತಿದ್ರೆ ನೀವು ಹೊಸದು ತಂದ್ಕೊಡ್ತೀರಾ?"

"ಎರಡೇ ನಿಮಿಷ ಕಣೇ."

"ಕಟ್ಕೊಂಡೋಳಿಗಿಂತ ಈ ಸೈಕಲ್ ಸವತಿ ಉಪಚಾರವೇ ಜಾಸ್ತಿ ಆಯ್ತು. ಅವಳನ್ನೇ ಕರೀರಿ."

ಅವನು ನಕ್ಕ. ಗೋಡೆಗೆ ಮೊಣಕೈ ಊರಿ ಒಬ್ಬನೇ ಕೂತ, ಮೆಲ್ಲಗೆ ಇಳಿದ. ಬಗ್ಗಿ ನೋಡಿ "ಸರಿಯಾಗಿದೆ" ಎಂದ. ಅವಳು ತಲೆ ಎತ್ತಲಿಲ್ಲ.

ಮರುದಿನ ಡಿಪೋದಲ್ಲಿ ಬಸ್ಸು ನಿಲ್ಲಿಸಿ ಇಳಿದವನು ಅಲ್ಲೇ ಕುಸಿದ. ಎದೆನೋವು. ಆಸ್ಪತ್ರೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಬಂದವರೆಲ್ಲ ಹೋದರು. ಮಗಳು ಕೆಲಸಕ್ಕೆ ಹೋದರೆ ಮನೆಯಲ್ಲಿ ಅವಳು, ಆ ಸೈಕಲ್ಲು. ಮೂಲೆಯಲ್ಲಿ ಧೂಳು ತಿನ್ನುತ್ತಿದ್ದುದನ್ನು ನೋಡಲಾಗದೆ ಒಂದು ದಿನ ಬಟ್ಟೆ ಹಿಡಿದು ಕೂತಳು. ಅವಳಿಗೆ ಗೊತ್ತಿದ್ದುದು ಹೊಲಿಗೆ ಮಷೀನು. ಕೀಲುಕೀಲಿಗೂ ಎಣ್ಣೆ ಬಿಟ್ಟರೆ ಅದು ಚೆನ್ನಾಗಿ ಓಡುತ್ತದೆ. ಅದೇ ಎಣ್ಣೆಯನ್ನು ಚೈನಿಗೆ ಬಿಟ್ಟಳು, ಶಾಕಿಗೆ ಸವರಿದಳು, ಬ್ರೇಕಿನ ಉಕ್ಕಿನ ತಟ್ಟೆಗೂ ಧಾರಾಳವಾಗಿ ಹಚ್ಚಿದಳು. ಹಿಂದಿನ ಶಾಕಿನ ನುಣುಪು ದಂಡದ ಮೇಲೆ ಎಲ್ಲೋ ಮಧ್ಯದಲ್ಲಿ ನಿಂತಿದ್ದ ಕಪ್ಪು ರಿಂಗನ್ನು ಅಚ್ಚುಕಟ್ಟಾಗಿ ಬುಡಕ್ಕೆ ತಳ್ಳಿದಳು.

"ಅಪ್ಪ ಹೋಗ್ತಿದ್ದ ಗುಡ್ಡಕ್ಕೆ ನಾನೂ ಹೋಗಿ ಬರ್ತೀನಮ್ಮ" ಎಂದು ಮಗಳು ಹೊರಟಳು. ಬೀದಿಯ ತಿರುವಿನಲ್ಲಿ ಬ್ರೇಕ್ ಹಿಡಿಯಲಿಲ್ಲ. ಯಾರದೋ ಗೇಟಿಗೆ ಗುದ್ದಿ, ಮೊಣಕೈ ತರಚಿಕೊಂಡು ವಾಪಸು ಬಂದಳು.

ತಾಯಿ ಮಗಳು ಅದನ್ನು ಸೈಕಲ್ ಅಂಗಡಿಗೆ ತಳ್ಳಿಕೊಂಡು ಹೋದರು. ಅಂಗಡಿಯವನು ಬ್ರೇಕಿನ ತಟ್ಟೆ ಮುಟ್ಟಿ ಬೆರಳು ಉಜ್ಜಿ ನೋಡಿದ. "ಅಕ್ಕಾ, ಬ್ರೇಕಿಗೆ ಎಣ್ಣೆ ಹಾಕಿದ್ರಾ? ಗುಡ್ಡದಲ್ಲಾಗಿದ್ರೆ ಏನ್ ಗತಿ?"

ಅವಳು ಮಗಳ ಮೊಣಕೈ ನೋಡಿದಳು. "ಏನೇನು ಮಾಡ್ಬಾರ್ದು, ಎಲ್ಲ ಹೇಳ್ಕೊಡಿ" ಎಂದಳು.

ಅವನು ಬ್ರೇಕಿನ ಪ್ಯಾಡು ಬದಲಾಯಿಸುತ್ತ ಹೇಳಿದ. "ಈ ಶಾಕ್ ಒಳಗಿರೋದು ಗಾಳಿ ಅಕ್ಕಾ. ಕೂರೋರ ತೂಕಕ್ಕೆ ತಕ್ಕಂಗೆ ತುಂಬ್ಬೇಕು. ಕೂತು ಇಳಿದ್ಮೇಲೆ ರಿಂಗ್ ಎಲ್ಲಿ ನಿಲ್ಲುತ್ತೋ ಅದೇ ಗುರುತು. ಇದ್ರಲ್ಲಿ ಇನ್ನೂ ಅಣ್ಣನ ತೂಕದ ಗಾಳೀನೇ ಇದೆ. ಮಗಳು ಹಗುರ, ಸ್ವಲ್ಪ ಬಿಡ್ಬೇಕು. ಬಿಡ್ಲಾ?"

ಆ ರಿಂಗು ಗಂಡ ಕೊನೆಯ ಸಲ ಕೂತು ಎದ್ದ ಗುರುತು. ನೋಡು ಎಂದಾಗ ಅವಳು ನೋಡಲಿಲ್ಲ. ಆಮೇಲೆ ತನ್ನ ಕೈಯಾರೆ ಅಳಿಸಿದಳು. ಉಳಿದದ್ದು ಆ ಗಾಳಿ ಒಂದೇ.

"ಬೇಡ. ಮನೇಲಿ ಮಾಡ್ಕೋತೀವಿ" ಎಂದಳು.

ಮನೆಯಲ್ಲಿ ಶಾಕಿಗೆ ಗಾಳಿ ಹಾಕುವ ಗಂಡನ ಪುಟ್ಟ ಪಂಪಿತ್ತು. ಎಷ್ಟೋ ದಿನ ಅದನ್ನು ಮುಟ್ಟಲಿಲ್ಲ. ಮಗಳು ಹಾಗೇ ಗುಡ್ಡಕ್ಕೆ ಹೋಗಿ ಸೊಂಟ ಹಿಡಿದುಕೊಂಡು ಬರುತ್ತಿದ್ದಳು. "ಒದೆಯುತ್ತಮ್ಮ" ಎನ್ನುತ್ತಿದ್ದಳು, ಗಾಳಿಯ ಮಾತು ಮಾತ್ರ ಎತ್ತುತ್ತಿರಲಿಲ್ಲ. ಕಲ್ಲಿನ ಮೇಲೆ ಚಕ್ರ ಪುಟಿದು ಮಗಳು ಮತ್ತೊಮ್ಮೆ ಬಿದ್ದು ಬಂದ ದಿನ ತಾಯಿಯೇ ಪಂಪ್ ತಂದು ಶಾಕಿಗೆ ತಿರುಪಿ ಗಾಳಿ ಬಿಡುವ ಗುಂಡಿ ಒತ್ತಿದಳು. ಸುಯ್ ಎಂದಿತು. ಬೆರಳು ತಾನಾಗಿಯೇ ಹಿಂದೆ ಸರಿಯಿತು.

"ಇನ್ನೊಂಚೂರು ಬಿಡಮ್ಮ" ಎಂದಳು ಮಗಳು.

ಬಿಟ್ಟಳು. ಜಾಸ್ತಿ ಹೋಯಿತು. ತುಂಬಿದಳು, ಮತ್ತೆ ಬಿಟ್ಟಳು.

"ನನ್ನ ಕೈಲಾಗಲ್ಲ ಕಣೇ."

"ಅಪ್ಪ ಏನು ಒಂದೇ ಸಲಕ್ಕೆ ಮಾಡ್ತಿದ್ರಾ? ಬೈಕೊಂಡು ಬೈಕೊಂಡು ಮಾಡ್ತಿದ್ರು. ಹಿಡ್ಕೋ, ಕೂರ್ತೀನಿ."

ಅವಳು ಗಟ್ಟಿಯಾಗಿ ಹಿಡಿದುಕೊಂಡಳು. ಮಗಳು ಕೂತು ಇಳಿದಳು. ತಾಯಿ ಬಗ್ಗಿದಳು. ಕಣ್ಣು ಮಂಜಾಗಿತ್ತು, ಒರೆಸಿಕೊಂಡು ರಿಂಗು ನೋಡಿದಳು.

ಈಗ ದಿನಾ ಬೆಳಿಗ್ಗೆ ಮಗಳು ಹೊರಡುವ ಮುನ್ನ ತಾಯಿ ಒಣಬಟ್ಟೆಯಲ್ಲಿ ಶಾಕಿನ ದಂಡ ಒರೆಸುತ್ತಾಳೆ. ಅದಕ್ಕೂ ಮೊದಲು, ನಿನ್ನೆಯ ಓಡಾಟಕ್ಕೆ ರಿಂಗು ಎಲ್ಲಿ ನಿಂತಿದೆ ಎಂದು ಬಗ್ಗಿ ನೋಡುತ್ತಾಳೆ. ನೋಡಿದ ಮೇಲೆಯೇ ಬುಡಕ್ಕೆ ತಳ್ಳುತ್ತಾಳೆ.